ದಾಸಯ್ಯ ಊದುವ ಶಂಖ ಒಂದು ಪ್ರಾಣಿಯೇ? ಸಮುದ್ರವಿಲ್ಲದ ಕೊಪ್ಪಳಕ್ಕೆ ಅದು ಎಲ್ಲಿಂದ ಬರುತ್ತದೆ?

ಊದುವುದು ಚಿಪ್ಪನ್ನು ಮಾತ್ರ. ಅದನ್ನು ಕಟ್ಟಿಕೊಂಡ ಬಸವನಹುಳು ಎಂದೋ ಸತ್ತಿರುತ್ತದೆ. ಪೂಜೆಯ ಪೀಠದಲ್ಲಿ ಕೂರುವ ಈ ಶಂಖದ ಒಡೆಯ ಅಪ್ಪಟ ಮಾಂಸಾಹಾರಿ: ಸಮುದ್ರತಳದ ಮರಳಿನಲ್ಲಿ ಅಡಗಿರುವ ಹುಳುಗಳನ್ನು ಹುಡುಕಿ ತಿನ್ನುತ್ತದೆ. ಮಡಿಯವರು ಬೇಸರಿಸಬಾರದು!

ನಮ್ಮ ದೇಶದಲ್ಲಿ ಇದು ಹೆಚ್ಚಾಗಿ ಸಿಗುವುದು ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲಿ ಮತ್ತು ಗುಜರಾತಿನ ಕಛ್ ಕೊಲ್ಲಿಯಲ್ಲಿ. ತೂತುಕುಡಿ ಕಡೆಯ ಪರವರ್ ಎಂಬ ಮೀನುಗಾರ ಸಮುದಾಯದವರು ತಲೆಮಾರುಗಳಿಂದ ಮುತ್ತಿನ ಜೊತೆಗೆ ಶಂಖಕ್ಕಾಗಿಯೂ ಮುಳುಗುತ್ತ ಬಂದವರು. ಹಿಂದೆ ಕಲ್ಲಿನ ಭಾರದಿಂದ ತಳಕ್ಕಿಳಿದು, ಉಸಿರು ಬಿಗಿಹಿಡಿದು, ಕೈಗೆ ಸಿಕ್ಕಿದ್ದನ್ನು ಬಲೆಚೀಲಕ್ಕೆ ತುಂಬಿಕೊಂಡು ಮೇಲೆ ಬರುತ್ತಿದ್ದರು. ಆ ಶಂಖಗಳು ಬಂಗಾಳಕ್ಕೆ ಹೋಗಿ, ಕುಯ್ಯಿಸಿಕೊಂಡು, ಮುತ್ತೈದೆಯರ ಬಿಳಿ ಬಳೆಗಳಾಗುತ್ತವೆ. ಶಂಖದ ಬಳೆಯ ಕಸುಬು ಹರಪ್ಪಾ ಕಾಲದಷ್ಟು ಹಳೆಯದು. ಗುಜರಾತಿನ ನಾಗೇಶ್ವರದಲ್ಲಿ ಆ ಕಾಲದ ಕಾರ್ಯಾಗಾರದ ಕುರುಹುಗಳೇ ಸಿಕ್ಕಿವೆ.

ಹುಲಿಗಿ ಜಾತ್ರೆಯಲ್ಲೋ ಮೊಬೈಲಿನಲ್ಲೋ ‘ಬಲಮುರಿ ಶಂಖ’ ಕೊಳ್ಳುವವರಿಗೆ ಒಂದು ಮಾತು. ಸಾಮಾನ್ಯ ಶಂಖಕ್ಕೆ ವಿರುದ್ಧ ದಿಕ್ಕಿಗೆ ಸುತ್ತಿಕೊಂಡಿರುವ ನಿಜವಾದ ಬಲಮುರಿ ಬಲು ಅಪರೂಪ. ಹಾಗೆಂದು ಮಾರುವ ಎಷ್ಟೋ ಚಿಪ್ಪುಗಳು ಅಮೆರಿಕದ ಕರಾವಳಿಯ ಬೇರೊಂದು ಬೇಟೆಗಾರ ಬಸವನಹುಳುವಿನವು. ಅದರ ಚಿಪ್ಪು ಹುಟ್ಟಿನಿಂದಲೇ ಆ ದಿಕ್ಕಿಗೆ ಸುತ್ತಿಕೊಳ್ಳುತ್ತದೆ, ಅದರಲ್ಲಿ ಪವಾಡವೇನೂ ಇಲ್ಲ. ಅಲ್ಲಿನ ಮೂಲನಿವಾಸಿಗಳು ಆ ಚಿಪ್ಪನ್ನೇ ಕೊರೆದು ಪಾನಪಾತ್ರೆ ಮಾಡಿಕೊಳ್ಳುತ್ತಿದ್ದರು. ಶಂಖದಿಂದ ಬಂದರೇ ತೀರ್ಥ ಎನ್ನುವ ನಮಗೆ ಇದು ಹೊಸದೆನಿಸಲಾರದು.