ಕಾರ್ಪೊರೇಟ್ ವಕೀಲರಾಗಬೇಕೆ? ಮೊದಲು ಒಂದು ಚೆಕ್ ಬೌನ್ಸ್ ಫೈಲು ಬಿಚ್ಚಿ

ಕಾನೂನು ವಿದ್ಯಾರ್ಥಿಗಳ ಪತ್ರಗಳಲ್ಲಿ ಊರು ಬೇರೆ, ಕಾಲೇಜು ಬೇರೆ, ಪ್ರಶ್ನೆ ಮಾತ್ರ ಅದೇ. ಈ ಸಲ ಅದಕ್ಕೇ ಜಾಗ ಕೊಟ್ಟಿದ್ದೇನೆ. ಉಳಿದವಕ್ಕೆ ಸಲ್ಲುವಷ್ಟು ಕೆಳಗಿದೆ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಐದು ವರ್ಷದ ಕೋರ್ಸಿನ ಮೂರನೇ ವರ್ಷದಲ್ಲಿದ್ದೇನೆ. ಕಾರ್ಪೊರೇಟ್ ಕಾನೂನಿನಲ್ಲಿ ಮುಂದುವರಿಯುವ ಆಸೆ. ಕಾಲೇಜಿನವರು ಕೆಳ ಕೋರ್ಟಿನ ವಕೀಲರ ಬಳಿ ಇಂಟರ್ನ್‌ಶಿಪ್ ಮಾಡಲೇಬೇಕು ಅನ್ನುತ್ತಾರೆ. ಹೊಲದ ತಂಟೆ, ಚೆಕ್ ಬೌನ್ಸ್ ನೋಡಿ ನನಗೇನು ಲಾಭ? ಅದೇ ಸಮಯದಲ್ಲಿ ಸ್ಪೆಷಲೈಜೇಷನ್ ಕೋರ್ಸ್ ಮಾಡಬಾರದೇ? (ವಿದ್ಯಾರ್ಥಿನಿ, ರಾಣೆಬೆನ್ನೂರು)

ಇದು ಕಾಲೇಜಿನವರ ಹಟವಲ್ಲ. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳಲ್ಲೇ ಇದೆ: ಐದು ವರ್ಷದವರಿಗೆ ಕನಿಷ್ಠ 20 ವಾರ, ಮೂರು ವರ್ಷದವರಿಗೆ 12 ವಾರ. ಒಂದೇ ಓಟಕ್ಕೆ 4 ವಾರ ಮೀರುವಂತಿಲ್ಲ. ವಿಚಾರಣಾ ಕೋರ್ಟು ಮತ್ತು ಮೇಲ್ಮನವಿ ಕೋರ್ಟಿನ ವಕೀಲರ ಬಳಿ ಒಮ್ಮೆಯಾದರೂ ಇದ್ದಿರಬೇಕು. ಕೊನೇ ವರ್ಷ ಒಟ್ಟಿಗೇ ಮುಗಿಸುತ್ತೇನೆ ಅನ್ನುವವರು ಈ 4 ವಾರದ ಮಾತನ್ನು ಮತ್ತೊಮ್ಮೆ ಓದಲಿ.

ಇನ್ನು ನೀವು ಮೂಗು ಮುರಿದ ಚೆಕ್ ಬೌನ್ಸ್. ಅದನ್ನೇ ಬಿಚ್ಚೋಣ.

ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ತಂದ ರೈತನಿಗೆ ಖರೀದಿದಾರ ಪ್ರೈವೇಟ್ ಲಿಮಿಟೆಡ್ ಕಂಪನಿಯೊಂದು 2,40,000 ರೂಪಾಯಿಯ ಚೆಕ್ ಕೊಟ್ಟಿದೆ ಎಂದುಕೊಳ್ಳಿ. ಹಣ ಸಾಲದೆಂದು ಚೆಕ್ ವಾಪಸಾಗಿ, ಬ್ಯಾಂಕಿನ ಮೆಮೊ ರೈತನ ಕೈಗೆ ಬಂದದ್ದು ಜೂನ್ 3ಕ್ಕೆ. ಹಣ ಕೊಡಿ ಎಂದು ನೋಟಿಸ್ ಕೊಡಲು 30 ದಿನ, ಅಂದರೆ ಜುಲೈ 3ರೊಳಗೆ. ನೋಟಿಸ್ ಕಂಪನಿಗೆ ಮುಟ್ಟಿದ್ದು ಜೂನ್ 20ಕ್ಕೆ. ಅಲ್ಲಿಂದ 15 ದಿನ ಹಣ ಕಟ್ಟಲು ಅವಕಾಶ. ಅದು ಜುಲೈ 5ಕ್ಕೆ ಮುಗಿಯುತ್ತದೆ. ಜುಲೈ 6ಕ್ಕೆ ವ್ಯಾಜ್ಯ ಕಾರಣ, ಅಂದರೆ ದೂರು ಹಾಕುವ ಹಕ್ಕು, ಹುಟ್ಟಿತು. ಆ ದಿನ ಬಿಟ್ಟು ಒಂದು ತಿಂಗಳು, ಆಗಸ್ಟ್ 6ರೊಳಗೆ ದೂರು ದಾಖಲಾಗಬೇಕು.

ಚೆಕ್ ಬೌನ್ಸನ್ನು ಅಪರಾಧವೆನ್ನುವ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮನ್ನು ತರಗತಿಯಲ್ಲಿ ಗಿಣಿಪಾಠ ಒಪ್ಪಿಸುವವರು ಫೈಲು ಕೈಗೆ ಬಂದಾಗ ಎಡವುವುದು ಇಲ್ಲೇ. ನೋಟಿಸ್ ಬರೆದ ತಾರೀಖಿನಿಂದ 15 ದಿನ ಎಣಿಸುತ್ತಾರೆ. ಎಣಿಸಬೇಕಾದ್ದು ಮುಟ್ಟಿದ ತಾರೀಖಿನಿಂದ. ಅಂಚೆ ಮುಟ್ಟಿದ ದಿನ ತೋರಿಸುವ ಟ್ರ್ಯಾಕಿಂಗ್ ಪ್ರಿಂಟ್ ತೆಗೆದಿಡುವುದಿಲ್ಲ. ಅವಸರಪಟ್ಟು 15 ದಿನ ತುಂಬುವ ಮೊದಲೇ ದೂರು ಹಾಕಿದರೆ ಆ ದೂರು ನಿಲ್ಲುವುದಿಲ್ಲ. ದೂರು ತಡವಾದರೆ ಸಕಾರಣ ತೋರಿಸಿ ಮಾಫಿ ಕೇಳಬಹುದು, ನೋಟಿಸಿನ 30 ದಿನ ತಪ್ಪಿದರೆ ಅದಕ್ಕೆ ಮಾಫಿ ಇಲ್ಲ. ಚೆಕ್ಕಿನ 3 ತಿಂಗಳ ಆಯಸ್ಸು ಉಳಿದಿದ್ದರೆ ಮತ್ತೆ ಬ್ಯಾಂಕಿಗೆ ಹಾಕಿ ಮೊದಲಿನಿಂದ ಶುರು ಮಾಡಬೇಕು. ಬಡ್ಡಿ, ಮನನೋವು, ವಕೀಲರ ಫೀ ಎಲ್ಲ ಕೂಡಿಸಿ ನೋಟಿಸಿನಲ್ಲಿ ಒಂದೇ ದೊಡ್ಡ ಮೊತ್ತ ಬರೆದವರ ಪ್ರಕರಣಗಳು ಬಿದ್ದುಹೋಗಿವೆ. ಚೆಕ್ಕಿನ ಮೊತ್ತವನ್ನು ಚೆಕ್ಕಿನ ಮೊತ್ತವೆಂದೇ ಬೇರೆಯಾಗಿ, ಪೈಸೆ ಹೆಚ್ಚುಕಡಿಮೆ ಇಲ್ಲದೆ ಕೇಳಬೇಕು. ಯಾವ ಕೋರ್ಟು? ರೈತ ಖಾತೆ ಇಟ್ಟ ಬ್ಯಾಂಕ್ ಶಾಖೆ ಇರುವ ಊರಿನದು. 2015ರ ತಿದ್ದುಪಡಿಯಿಂದ ಹೀಗಿದೆ. ಹಳೇ ಗೈಡು ಹಿಡಿದವರು ಇನ್ನೂ ಚೆಕ್ ಕೊಟ್ಟವನ ಬ್ಯಾಂಕನ್ನು ಹುಡುಕುತ್ತಿರುತ್ತಾರೆ.

ಈಗ ನಿಮ್ಮ ಕಾರ್ಪೊರೇಟ್ ಕಾನೂನು. ಚೆಕ್ ಕಂಪನಿಯದು, ಸಹಿ ಡೈರೆಕ್ಟರದು. ಆರೋಪಿ ಯಾರು? ಸಹಿ ಮಾಡಿದವನೊಬ್ಬನನ್ನೇ ಹಿಡಿದರೆ ಕೇಸು ಸತ್ತಂತೆ. ಅದೇ ಕಾಯ್ದೆಯ ಕಲಂ 141ರಡಿ ಕಂಪನಿಯನ್ನೂ ಆರೋಪಿ ಮಾಡಲೇಬೇಕೆಂದು ಅನೀತಾ ಹಾಡಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದೆ. ಹಾಗಾಗಿ ನೋಟಿಸ್ ಕಂಪನಿಯ ಹೆಸರಿಗೂ ಹೋಗಬೇಕು. ಉಳಿದ ಡೈರೆಕ್ಟರುಗಳಲ್ಲಿ ಆ ಹೊತ್ತಿಗೆ ವ್ಯವಹಾರದ ಉಸ್ತುವಾರಿ ಯಾರದಿತ್ತು? ಚೆಕ್ಕಿಗೆ ಮೊದಲೇ ರಾಜೀನಾಮೆ ಕೊಟ್ಟವರಿದ್ದಾರೆಯೇ? ಅದನ್ನು ನೋಡಲು ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ಗೆ ಹೋಗಿ ರಾಜೀನಾಮೆಯ ಫಾರ್ಮ್ ತೆಗೆಯಬೇಕು. ನಡುವೆ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಯಿತೆನ್ನಿ. ದಿವಾಳಿ ಸಂಹಿತೆಯ ಕಲಂ 14ರ ತಡೆಯಿಂದ ಕಂಪನಿ ಮೇಲಿನ ಕೇಸು ನಿಲ್ಲುತ್ತದೆ, ಡೈರೆಕ್ಟರುಗಳ ಮೇಲಿನದು ನಡೆಯುತ್ತದೆ, 2021ರ ಪಿ. ಮೋಹನರಾಜ್ ತೀರ್ಪು ಓದಿ. ರೈತನ ಒಂದು ಚೆಕ್ಕಿನ ಬೆನ್ನು ಹತ್ತಿ ಕಂಪನಿ ಕಾಯ್ದೆ, ದಿವಾಳಿ ಸಂಹಿತೆ ಎರಡೂ ಬಂದವಲ್ಲ! ಯಾವ ಎರಡು ದಿನದ ಆನ್‌ಲೈನ್ ಕೋರ್ಸ್ ಇದನ್ನು ಕೊಡುತ್ತದೆ? ಬಣ್ಣದ ಸರ್ಟಿಫಿಕೇಟ್ ಮಾರುವ ಆ 'ಕರಿಯರ್ ಕೌನ್ಸೆಲರ್'ಗಳಿಗೆ ದುಡ್ಡು ಕೊಡುವ ಬದಲು ಒಂದು ಒಳ್ಳೆಯ ಬೇರ್ ಆ್ಯಕ್ಟ್ (ಕಾಯ್ದೆಯ ಮೂಲಪಾಠದ ಪುಸ್ತಕ) ಕೊಳ್ಳಿ.

ಅಂದರೆ ಸ್ಪೆಷಲೈಜೇಷನ್ ಬೇಡವೆಂದಲ್ಲ. ಹಗಲು ನೋಡಿದ ಫೈಲಿನ ಕಾಯ್ದೆಯನ್ನು ಅಂದೇ ರಾತ್ರಿ ಓದುವುದೇ ಅದರ ಬುನಾದಿ. ಈ ರಜೆಯಲ್ಲಿ 4 ವಾರ ವಿಚಾರಣಾ ಕೋರ್ಟಿನ ವಕೀಲರ ಬಳಿ ಇರಿ. ಮೊದಲ ವಾರ ಬಾಯಿ ಮುಚ್ಚಿ ಮುಗಿದ ಕೇಸುಗಳ ಫೈಲು ಓದಿ, ತೀರ್ಪನ್ನು ಕೊನೆಗೆ. ಆರ್ಡರ್ ಶೀಟ್ (ಕೋರ್ಟಿನ ದಿನದಿನದ ಆದೇಶಗಳ ಹಾಳೆ) ಹಿಡಿದು ಪ್ರತಿ ಮುದ್ದತಿಗೆ ಏನಾಯಿತು, ಯಾಕೆ ಮುಂದೆ ಹೋಯಿತು ಎಂದು ಪಟ್ಟಿ ಮಾಡಿ. ಎರಡನೇ ವಾರ ಚಾಲ್ತಿ ಫೈಲಿನ ತಾರೀಖು ಪಟ್ಟಿ. ಮೂರನೇ ವಾರ ನೀವೇ ಒಂದು ನೋಟಿಸ್, ಒಂದು ದೂರು ಬರೆದು, ವಕೀಲರು ಬರೆದದ್ದರ ಪಕ್ಕ ಇಟ್ಟು ನೋಡಿ. ನಾಲ್ಕನೇ ವಾರ ಕೋರ್ಟ್ ಹಾಲು, ಜೊತೆಗೆ ಫೈಲಿಂಗ್ ಕೌಂಟರ್. ಆಕ್ಷೇಪಣೆ ಹಾಕಿ ಕಾಗದ ವಾಪಸ್ ಕೊಡುವ ಸಿಬ್ಬಂದಿ ಕಲಿಸುವಷ್ಟನ್ನು ಕಾಲೇಜಿನ ಅಣಕು ಕೋರ್ಟು, ಅಂದರೆ ಮೂಟ್ ಕೋರ್ಟ್, ಕಲಿಸದು.

ಮುಂದಿನ ರಜೆಗೆ ಅದೇ ಆಫೀಸಿಗೆ ಹೋದರೆ ಅದೇ ಫೈಲು ಪಾಟಿ ಸವಾಲಿಗೆ ಬಂದಿರಬಹುದು. ಆಮೇಲೆ ಧಾರವಾಡದ ಹೈಕೋರ್ಟ್ ಪೀಠ. ಹಾವೇರಿ, ಗದಗಿನ ಡೈರೆಕ್ಟರುಗಳು ಕೇಸು ರದ್ದು ಮಾಡಿ ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಿಂದಿನ ಸಿಆರ್‌ಪಿಸಿಯ ಜಾಗಕ್ಕೆ ಬಂದದ್ದು) ಕಲಂ 528ರಡಿ ಬರುವುದು ಅಲ್ಲಿಗೇ. ಕೆಳಗೆ ದೂರು ಬರೆಯುವಾಗ ಬಿಟ್ಟ ಒಂದು ವಾಕ್ಯ ಮೇಲೆ ಎಷ್ಟು ದುಬಾರಿ ಎಂದು ತಿಳಿಯುತ್ತದೆ. ಲಾ ಫರ್ಮ್, ಕಂಪನಿ ಸೆಕ್ರೆಟರಿ ಆಫೀಸು ಕೊನೇ ವರ್ಷಕ್ಕೆ. ಐಚ್ಛಿಕ ಪತ್ರಿಕೆಯನ್ನೂ ಆ ಹೊತ್ತಿಗೆ ಕೈಯಲ್ಲಿರುವ ಫೈಲು ಯಾವ ಕಾಯ್ದೆ ಕೇಳುತ್ತದೋ ಅದರಲ್ಲೇ ಆರಿಸಿ, ಗೆಳತಿ ಆರಿಸಿದ್ದನ್ನಲ್ಲ.

ಎಲ್ಲವೂ ರಜೆಯಲ್ಲಿ. ತರಗತಿ ತಪ್ಪಿಸಿ ಹಾಜರಿ 70 ಪರ್ಸೆಂಟ್‌ಗಿಂತ ಕೆಳಗಿಳಿದ ಮೇಲೆ ನನಗೆ ಪತ್ರ ಬರೆಯಬೇಡಿ.

ಪ್ರಶ್ನೆ: ಇಂಟರ್ನ್‌ಶಿಪ್ ಡೈರಿಯನ್ನು ಸೀನಿಯರ್‌ಗಳದ್ದು ನೋಡಿ ಬರೆದರೆ ನಡೆಯುತ್ತದೆಯೇ? (ಗದಗ)

ಇಲ್ಲ. ಕ್ಲಿನಿಕಲ್, ಅಂದರೆ ಪ್ರಾಯೋಗಿಕ, ಪತ್ರಿಕೆಯ 100 ಅಂಕದಲ್ಲಿ ಮೂಟ್‌ಗೆ 30, ಒಂದು ಸಿವಿಲ್ ಒಂದು ಕ್ರಿಮಿನಲ್ ವಿಚಾರಣೆ ನೋಡಿದ್ದಕ್ಕೆ 30, ಕಕ್ಷಿದಾರರ ಜತೆಗಿನ ಮಾತುಕತೆ, ಕಾಗದ ತಯಾರಿ ಮತ್ತು ಡೈರಿಗೆ 30, ಮೌಖಿಕಕ್ಕೆ 10. 'ಇಂದು ಕೋರ್ಟಿಗೆ ಹೋದೆ, ಸಾಕ್ಷಿ ವಿಚಾರಣೆ ನೋಡಿದೆ' ಎಂಬ ಸಾಲು ಕದ್ದದ್ದೆಂದು ಪರೀಕ್ಷಕರಿಗೆ ಓದಿದ ಕೂಡಲೇ ಗೊತ್ತಾಗುತ್ತದೆ. 'ಪಿ.ಡಬ್ಲ್ಯು.1ರ ಪಾಟಿ ಸವಾಲು, ನಿಶಾನೆ ಪಿ.3ರ ಸಹಿ ತನ್ನದಲ್ಲ ಎಂದರು. ಮೂಲ ದಾಖಲೆ ಹಾಜರಿಲ್ಲವೆಂದು ಆಕ್ಷೇಪಣೆ ಬಂತು' ಎಂದು (ಪಿ.ಡಬ್ಲ್ಯು.1 ಅಂದರೆ ಕೇಸು ಹಾಕಿದವರ ಕಡೆಯ ಮೊದಲ ಸಾಕ್ಷಿ, ನಿಶಾನೆ ಪಿ.3 ಅಂದರೆ ಅವರ ಮೂರನೇ ದಾಖಲೆ) ಬರೆಯಲು ಅಲ್ಲಿ ಕೂತಿರಬೇಕು. ಕಕ್ಷಿದಾರರ ಹೆಸರು ಬರೆಯಬೇಡಿ. ಫೈಲಿನ ಫೋಟೊ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕುವವರು ಈ ವೃತ್ತಿಗೆ ಬರದಿರುವುದೇ ಲೇಸು.

ಪ್ರಶ್ನೆ: ಸಿವಿಲ್ ಜಡ್ಜ್ ಪರೀಕ್ಷೆಗೆ ಬೇಕಾದ 3 ವರ್ಷದ ವಕೀಲಿಕೆಯಲ್ಲಿ ಇಂಟರ್ನ್‌ಶಿಪ್ ಸೇರುತ್ತದಂತೆ? (ಧಾರವಾಡ)

ಸೇರುವುದಿಲ್ಲ. 2025ರ ಮೇ 20ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಲೆಕ್ಕ ಶುರುವಾಗುವುದು ವಕೀಲರಾಗಿ ತಾತ್ಕಾಲಿಕ ನೋಂದಣಿಯಾದ ದಿನದಿಂದ. ಸೇರುತ್ತದೆ ಎಂದವರು ಕೋಚಿಂಗ್‌ನವರಾದರೆ ಫೀ ವಾಪಸ್ ಕೇಳಿ.

ಪ್ರಶ್ನೆ: ಕನ್ನಡದಲ್ಲೇ ಡ್ರಾಫ್ಟಿಂಗ್ ಕಲಿತರೆ ಸಾಕೇ? (ಶಿಗ್ಗಾವಿ)

ಕೆಳ ಕೋರ್ಟಿಗೆ ಕನ್ನಡ ಬೇಕೇ ಬೇಕು: ಉತಾರ (ಪಹಣಿ), ವಾಟಣಿ ಪತ್ರ (ಪಾಲು ಪತ್ರ), ಚಕ್ಕುಬಂದಿ (ಜಮೀನಿನ ನಾಲ್ಕು ದಿಕ್ಕಿನ ಗಡಿ) ಓದಲು ಬಾರದ ಇಂಗ್ಲಿಷ್ ಮೀಡಿಯಂ ಪದವೀಧರರು ಪಾಲಿನ ದಾವೆಯಲ್ಲಿ ಗುಮಾಸ್ತರ ಮುಖ ನೋಡುತ್ತಾರೆ. ಧಾರವಾಡ ಪೀಠಕ್ಕೆ ಹೋಗುವುದಾದರೆ ಇಂಗ್ಲಿಷ್. ಎರಡೂ ಕಲಿಯಿರಿ.

ಪ್ರಶ್ನೆ: ಇಂಟರ್ನ್‌ಶಿಪ್ ವೇಳೆ ಬ್ಯಾಂಡ್, ಗೌನ್ ಹಾಕಬಹುದೇ? (ಹುಬ್ಬಳ್ಳಿ)

ವಕೀಲಿಕೆಯ ಸನ್ನದು ಸಿಗುವವರೆಗೆ ಇಲ್ಲ.