ಕಬ್ಬನ್ ಪಾರ್ಕನ್ನು ಕಬ್ಬನ್ ಮಾಡಿಸಿದರಾ?

ಪ್ರಶ್ನೆ: ಕಬ್ಬನ್ ಪಾರ್ಕಿನ ಸರ್ಕಾರಿ ಹೆಸರು ಬೇರೆಯೇ ಇದೆಯಂತೆ, ನಿಜವೇ? ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಬೆಂಗಳೂರಿಗೆ ಬರುತ್ತಿದ್ದೇವೆ. ಅಲ್ಲಿ ಏನೇನು ನೋಡಬಹುದು?
– ಓದುಗರೊಬ್ಬರು, ಹಾಸನ

ಉತ್ತರ: ನಿಜ. ದಾಖಲೆಯಲ್ಲಿ ಅದು ಶ್ರೀ ಚಾಮರಾಜೇಂದ್ರ ಪಾರ್ಕ್. ಆದರೆ ಆಟೊ ಹತ್ತಿದಾಗ ಕಬ್ಬನ್ ಪಾರ್ಕ್ ಅಂತಲೇ ಹೇಳಿ.

ಇದನ್ನು ಕಬ್ಬನ್ ಮಾಡಿಸಿದ್ದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ, ಹಾಗಲ್ಲ. ಸರ್ ಮಾರ್ಕ್ ಕಬ್ಬನ್ ಮೈಸೂರು ಸಂಸ್ಥಾನದ ಕಮಿಷನರ್ ಆಗಿದ್ದದ್ದು 1834ರಿಂದ 1861ರವರೆಗೆ, ಅದೇ ವರ್ಷ ಅವರು ತೀರಿಕೊಂಡರು. ಪಾರ್ಕ್ ಶುರುವಾದದ್ದು 1870ರಲ್ಲಿ. ರೂಪಿಸಿದವರು ಸಂಸ್ಥಾನದ ಚೀಫ್ ಎಂಜಿನಿಯರ್ ರಿಚರ್ಡ್ ಸ್ಯಾಂಕಿ. ಸ್ಯಾಂಕಿ ಕೆರೆ ಇದೆಯಲ್ಲ, ಅದಕ್ಕೂ ಅವರದೇ ಹೆಸರು. ಆಗ ಹಂಗಾಮಿ ಕಮಿಷನರ್ ಆಗಿದ್ದವರು ಜಾನ್ ಮೀಡ್, ಹಾಗಾಗಿ ಮೊದಲು ಇದು ಮೀಡ್ಸ್ ಪಾರ್ಕ್ ಆಗಿತ್ತು. ಕಬ್ಬನ್ ಹೆಸರು ಆಮೇಲೆ ಬಂತು. 1927ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಗೆ 25 ವರ್ಷ ತುಂಬಿತು, ಆಗ ಅವರ ತಂದೆ ಚಾಮರಾಜೇಂದ್ರ ಒಡೆಯರ ಹೆಸರಿಟ್ಟರು. ಜನರ ಬಾಯಲ್ಲಿ ಮಾತ್ರ ಹಳೆಯದೇ ಉಳಿಯಿತು.

ನೋಡುವುದಕ್ಕೆ ಬೇಕಾದಷ್ಟಿದೆ. ಕೆಂಪು ಬಣ್ಣದ ಹೈಕೋರ್ಟ್ ಕಟ್ಟಡದಿಂದ ಶುರು ಮಾಡಿ. ಅದು ಪಾರ್ಕಿಗಿಂತ ಹಳೆಯದು, 1868ರಲ್ಲಿ ಮುಗಿದದ್ದು. ಸರ್ಕಾರದ 18 ಇಲಾಖೆಗಳು ಅಲ್ಲಿ ಇದ್ದವು, ಅದಕ್ಕೇ ಅಠಾರಾ ಕಚೇರಿ. ಕುದುರೆ ಮೇಲೆ ಕೂತ ಕಬ್ಬನ್ ಪ್ರತಿಮೆ ಬಹಳ ಕಾಲ ಹೈಕೋರ್ಟ್ ಮುಂದೆಯೇ ಇತ್ತು, 2020ರಲ್ಲಿ ಪಾರ್ಕಿನ ಒಳಗೆ ತಂದರು. ಮುಂದೆ ಶೇಷಾದ್ರಿ ಅಯ್ಯರ್ ಸ್ಮಾರಕ ಭವನ, 1915ರದ್ದು, ಅದೇ ಈಗಿನ ಕೇಂದ್ರ ಗ್ರಂಥಾಲಯ. ಸುತ್ತಲಿನ ಬಿದಿರು ಮೆಳೆಗಳ ಕೆಳಗೆ ಸ್ವಲ್ಪ ಹೊತ್ತು ಸುಮ್ನೆ ಕೂತಿರಿ, ಮಟಮಟ ಮಧ್ಯಾಹ್ನದಲ್ಲೂ ತಂಪಾಗಿರುತ್ತೆ. ಮಕ್ಕಳಿಗೆ ಬಾಲಭವನ ಇದೆ.

ಪ್ರಶ್ನೆ: ಊರಿನ ನಡುವೆ ಇಷ್ಟು ದೊಡ್ಡ ಜಾಗ ಕಟ್ಟಡವಾಗದೆ ಹೇಗೆ ಉಳಿಯಿತು?
– ಓದುಗರೊಬ್ಬರು, ಮಂಡ್ಯ

ಉತ್ತರ: ಪೂರ್ತಿ ಉಳಿಯಲಿಲ್ಲ. ಒಳಗೆ ಅಡ್ಡಾಡಿದರೆ ಗೊತ್ತಾಗುತ್ತೆ, ಒಂದೊಂದು ಕಾಲದಲ್ಲಿ ಒಂದೊಂದು ಸಂಸ್ಥೆ, ಒಂದೊಂದು ಕ್ಲಬ್ಬು ಬಂದು ಕೂತಿದೆ. ಪ್ರತಿ ಸಲವೂ ಕೇಳಿದ್ದು ಸ್ವಲ್ಪವೇ ಜಾಗ, ಕಾರಣವೂ ಒಳ್ಳೆಯದೇ ಇರುತ್ತಿತ್ತು, ಅದಕ್ಕೇ ಬೇಡ ಅನ್ನುವುದು ಕಷ್ಟ ಅಲ್ವಾ?

ಇಷ್ಟಾದರೂ ಉಳಿದಿರುವುದಕ್ಕೆ ಎರಡು ಕಾರಣ ಹೇಳುತ್ತೇನೆ. 1975ರ ಕರ್ನಾಟಕ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆ ಒಂದು. ಕಬ್ಬನ್ ಪಾರ್ಕ್, ಲಾಲ್‌ಬಾಗ್ ಎರಡೂ ಅದರ ರಕ್ಷಣೆಯಲ್ಲಿವೆ. ಇನ್ನೊಂದು ಊರಿನ ಜನ. ನನ್ನ ಲೆಕ್ಕದಲ್ಲಿ ಇದೇ ದೊಡ್ಡದು. ಪಾರ್ಕಿನ ಒಂದು ಭಾಗವನ್ನು ಈ ರಕ್ಷಣೆಯಿಂದ ಹೊರಗಿಡಲು 1998ರಲ್ಲಿ ಸರ್ಕಾರವೇ ಹೊರಟಿತ್ತು, ಆಗ ಜನ ಬೀದಿಗೆ ಬಂದರು. ಅದಕ್ಕೂ ಮುಂಚೆ ಅಠಾರಾ ಕಚೇರಿಯನ್ನು ಕೆಡವುವ ಮಾತು ಬಂದಾಗಲೂ ಸುಮ್ಮನಿರಲಿಲ್ಲ. ಕಾಯ್ದೆ ಕಾಗದದಲ್ಲಿದ್ದರೆ ಸಾಕಾಗಲ್ಲ, ಅದು ಮುರಿಯುವಾಗ ಕೂಗು ಹಾಕುವವರು ಬೇಕು. ದಿನಾ ಬೆಳಿಗ್ಗೆ ಅಲ್ಲಿ ವಾಕಿಂಗ್ ಮಾಡುವವರೇ ಆ ಕೆಲಸ ಜಾಸ್ತಿ ಮಾಡಿದ್ದಾರೆ.

ಪ್ರಶ್ನೆ: ಮೆಟ್ರೊದಲ್ಲಿ ಹೋಗಬಹುದೇ?
– ಓದುಗರೊಬ್ಬರು, ರಾಮನಗರ

ಉತ್ತರ: ಧಾರಾಳವಾಗಿ. ನೇರಳೆ ಮಾರ್ಗದಲ್ಲಿ ಕಬ್ಬನ್ ಪಾರ್ಕ್ ಅನ್ನುವ ಸ್ಟೇಷನ್ನೇ ಇದೆ. ಭಾನುವಾರ ಒಳಗಿನ ರಸ್ತೆಗಳಲ್ಲಿ ವಾಹನ ಬಿಡುವುದಿಲ್ಲ, ಮಕ್ಕಳಿದ್ದರೆ ಅವತ್ತೇ ಹೋಗಿ.