ಪ್ರತಿಕ್ರಿಯೆ: ಮೀಡ್ ಶುರುವಾಗಿದ್ದು ವೈಕಿಂಗ್‌ಗಳಿಂದಾನಾ?

ಮೀಡ್ (ಜೇನಿಗೆ ನೀರು ಬೆರೆಸಿ ಹುಳಿ ಬರಿಸಿ ಮಾಡೋ ಮದ್ಯ) ಕಂಡುಹಿಡಿದಿದ್ದು ವೈಕಿಂಗ್‌ಗಳೇನಾ (ಹಳೇ ಕಾಲದ ಉತ್ತರ ಯುರೋಪಿನ ಕಡಲ ದಾಳಿಕೋರರು), ಬಾಟಲಿ ಜೇನು ಯಾಕೆ ತಾನಾಗೇ ಹುಳಿ ಬರಲ್ಲ ಅಂತ ಕೇಳಿದ್ರಲ್ಲ. ಮೊದಲನೇದಕ್ಕೆ ಉತ್ತರ ಇಲ್ಲ, ಅದು ಟಿವಿ ಸೀರೀಸ್‌ಗಳು ನಮ್ ತಲೆಗೆ ತುಂಬಿರೋದು. ಚೀನಾದ ಹೆನಾನ್ ಪ್ರಾಂತ್ಯದ ಜಿಯಾಹು ಅನ್ನೋ ಜಾಗದಲ್ಲಿ ಸಿಕ್ಕ ಸುಮಾರು 9000 ವರ್ಷ ಹಳೇ ಮಡಕೆಗಳಲ್ಲೇ ಅಕ್ಕಿ, ಜೇನು, ಹಣ್ಣು ಸೇರಿಸಿ ಹುಳಿ ಬರಿಸಿದ್ದರ ಗುರುತಿದೆ, ಅಪ್ಪಟ ಮೀಡ್ ಅಲ್ಲ ಅಂದ್ಕೊಳ್ಳಿ, ಆದ್ರೂ ವೈಕಿಂಗ್‌ಗಳು ಹುಟ್ಟೋಕೆ ಇನ್ನೂ ಎಷ್ಟೋ ಸಾವಿರ ವರ್ಷ ಇತ್ತು. ಇನ್ನೊಂದು ಮಜಾ ಅಂದ್ರೆ ಇಂಗ್ಲಿಷಿನ ಮೀಡ್, ನಮ್ಮ ಸಂಸ್ಕೃತದ ಮಧು ಎರಡೂ ಒಂದೇ ಬೇರಿನ ಪದಗಳು.

ಎರಡನೇದು ಸಿಂಪಲ್. ಜೇನಲ್ಲಿ ನೀರಿನಂಶ 20% ಆಸುಪಾಸು ಅಷ್ಟೇ, ಅಷ್ಟು ಗಟ್ಟಿ ಸಕ್ಕರೇಲಿ ಯೀಸ್ಟ್ ಕೆಲಸ ಮಾಡಲ್ಲ, ನೀರು ಬೆರೆಸಿದ್ರೇನೇ ಏಳೋದು. ಎಷ್ಟು ಬೆರೆಸ್ಬೇಕು ಅನ್ನೋದನ್ನ ಪೋಲೆಂಡ್‌ನೋರು ಹೆಸರಲ್ಲೇ ಇಟ್ಟಿದಾರೆ, ಒಂದು ಪಾಲು ಜೇನಿಗೆ ಅರ್ಧ ಪಾಲು ನೀರು ಹಾಕಿದ್ರೆ ಪುಲ್ಟೊರಾಕ್, ಒಂದು ಪಾಲಾದ್ರೆ ದ್ವೂಯ್ನ್ಯಾಕ್, ಎರಡಾದ್ರೆ ತ್ರೂಯ್ನ್ಯಾಕ್, ಮೂರಾದ್ರೆ ಚ್ವೂರ್ನ್ಯಾಕ್. ಪುಲ್ಟೊರಾಕ್ ವರ್ಷಗಟ್ಟಲೆ ಮಾಗಬೇಕು, ಅದಕ್ಕೇ ರೇಟೂ ಜಾಸ್ತಿ.

ನನ್ ಕೇಳಿದ್ರೆ ಇವತ್ತಿಗೂ ಜನಜೀವನದಲ್ಲಿ ಉಸಿರಾಡ್ತಿರೋ ಮೀಡ್ ನೋಡ್ಬೇಕಂದ್ರೆ ಯುರೋಪ್ ಬಿಡಿ, ಇಥಿಯೋಪಿಯಾದ ತೇಜ್ ನೋಡಿ. ಗೇಶೋ ಅನ್ನೋ ಗಿಡದ ಎಲೆ, ಕಡ್ಡಿ ಹಾಕ್ತಾರೆ, ಬಿಯರ್‌ಗೆ ಹಾಪ್ಸ್ ಅನ್ನೋ ಹೂ ಇದ್ದಂಗೆ ಕಹಿ ಕೊಡುತ್ತೆ. ಒಂದು ಕಾಲಕ್ಕೆ ಅರಮನೆ, ಶ್ರೀಮಂತರ ಪಾನೀಯ ಅದು, ಈಗ ತೇಜ್ ಅಂಗಡಿಗಳಲ್ಲಿ ಬೆರೆಲೆ ಅನ್ನೋ ಉರುಟು ಹೊಟ್ಟೆ, ಉದ್ದ ಕತ್ತಿನ ಗಾಜಿನ ಹೂಜಿಯಿಂದ ನೇರ ಬಾಯಿಗೇ ಕುಡೀತಾರೆ. ಸಿಹಿ ಇದೆ ಅಂತ ಜ್ಯೂಸ್ ಥರ ಇಳಿಸ್ಬೇಡಿ ಮಾತ್ರ.